ದಂಡಿನಾಳದ ಬಿಳಿಮಣ್ಣು

ಆ ಹೊತ್ತಿಗೆ ಜಕ್ಕಪ್ಪ ಅಂಗಳಕ್ಕೆ ನೀರು ಹೊಡೆಯಬಾರದಿತ್ತು. ಮ್ಯೂಸಿಯಮ್ಮಿನ ಬೀಗ ತೆಗೆಯುವ ಮುನ್ನ ಧೂಳು ಕೂರಲೆಂದು ಆ ಸಿಪಾಯಿ ಬಕೆಟ್ಟಿನಿಂದ ಬೊಗಸೆ ಬೊಗಸೆ ನೀರು ತೆಗೆದು ಚಿಮುಕಿಸುತ್ತ ಬಂದ. ಮಾರ್ಚ್ ತಿಂಗಳ ಬಿಸಿಲಿಗೆ ಕಾದಿದ್ದ ನೆಲ ಒಮ್ಮೆಲೇ ವಾಸನೆ ಬಿಟ್ಟಿತು. ಧರ್ಮರಾಜನ ಬಾಯಲ್ಲಿ ನೀರೂರಿತು. ಅದನ್ನು ಯಾರಿಗೂ ಕಾಣದಂತೆ ನುಂಗಿ, ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡ. “ಏನ್ ಛಲೋ ವಾಸನಿ ಬರಾಕತ್ತೈತಿ, ನೀವ್ಯಾಕ ಮೂಗು ಮುಚ್ಚಿಕೊಂಡ್ರಿ?” ಎಂದಳು ಹೆಂಡತಿ ಪ್ರತಿಮಾ. “ಧೂಳ ಆಗಿಬರೂದಿಲ್ಲ ನನಗ, ಗೊತ್ತಿಲ್ಲೇನು?” ಎಂದ. ಮದುವೆಯಾದಾಗಿನಿಂದ ಹೇಳುತ್ತ ಬಂದ ಸುಳ್ಳು ಅದು. ಎಷ್ಟು ರೂಢಿಯಾಗಿತ್ತೆಂದರೆ ಈಗೀಗ ಹೇಳುವಾಗ ನಿಜವಾಗಿಯೂ ಸೀನು ಬರುತ್ತಿತ್ತು. ಬೇರೆಯವರಿಗೆ ಅದು ಬರಿಯ ವಾಸನೆ, ಒಂದು ಉಸಿರು ಎಳೆದುಕೊಂಡು ಮರೆತುಬಿಡುವಂಥದ್ದು. ಅವನಿಗೆ ಮಾತ್ರ ಹಸಿವು. ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ನೀರು ಸೋಸಿ ಕುಡಿಯಿರಿ, ತೆರೆದಿಟ್ಟ ತಿಂಡಿ ತಿನ್ನಬೇಡಿರಿ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಮಾಡುವ, ಮೀಸೆಯಲ್ಲಿ ಆಗಲೇ ಬಿಳಿ ಎಳೆ ಕಂಡ ಧರ್ಮರಾಜ ಮಣ್ಣು ತಿನ್ನುತ್ತಿದ್ದ. ಇದು ಅವನ ಹೆಂಡತಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ, ಅವನ ತಾಯಿ ಶಂಕ್ರೆವ್ವ. ಅವಳೂ ಅದು ಚಿಕ್ಕಂದಿನಲ್ಲೇ ಬಿಟ್ಟುಹೋದ ಚಟ ಎಂದುಕೊಂಡಿರಬೇಕು, ಅಥವಾ ಹಾಗೆ ಅಂದುಕೊಂಡಿರಲಿ ಎಂದು ಇವನು ಆಸೆಪಟ್ಟಿದ್ದ. ಅವಳು ಈಗ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಗುಡಿಗೆ ಬಂದವಳ ಹಾಗೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು.

ಅವ್ವನನ್ನು ಕರೆತರುವ ಮನಸ್ಸೇ ಅವನಿಗಿರಲಿಲ್ಲ. ಐದನೆಯ ಇಯತ್ತೆಯ ಮಗಳು ರೇಷ್ಮಾಳಿಗೆ ಸಾಲೆಯಲ್ಲಿ ಕಲ್ಲುಗಳ ಬಗ್ಗೆ ಏನೋ ಬರೆದುಕೊಂಡು ಬರಲು ಹೇಳಿದ್ದರು. ಪ್ರತಿಮಾ ಜಮಖಂಡಿಯವಳು, ಹೆಡ್‌ಮಾಸ್ತರರ ಮಗಳು. ಊರ ಹೊರಗಿನ ಹಳೆಯ ಸಂಸ್ಥಾನದ ಕಟ್ಟಡದಲ್ಲಿ ಯೂನಿವರ್ಸಿಟಿಯವರ ಭೂವಿಜ್ಞಾನದ ಮ್ಯೂಸಿಯಂ ಇದೆಯೆಂದೂ ಅದನ್ನು ನೋಡಿಕೊಳ್ಳುವ ಅಂದಾನೆಪ್ಪ ಸರ್ ತನ್ನ ತಂದೆಯ ಶಿಷ್ಯರೆಂದೂ ಅವಳೇ ಫೋನು ಮಾಡಿ ಎಲ್ಲ ಗೊತ್ತುಮಾಡಿದ್ದಳು. “ನಮ್ಮ ಮನಿಯವರೂ ಸೈನ್ಸ್ ಮಾಸ್ತರರು, ಅವರಿಗೂ ಭಾಳ ಆಸಕ್ತಿ ಐತ್ರಿ” ಎಂದು ಅವಳು ಫೋನಿನಲ್ಲಿ ಹೇಳುವಾಗ ದನಿಯಲ್ಲಿದ್ದ ಹೆಮ್ಮೆ ಅವನ ಬೆನ್ನಿಗೆ ಚುಚ್ಚಿತ್ತು. ಮಾವನ ಶಿಷ್ಯನೆಂದರೆ ಇಲ್ಲಿ ಕೆಮ್ಮಿದ್ದು ಸಂಜೆಯೊಳಗೆ ಮಾವನ ಕಿವಿಗೆ ಮುಟ್ಟುತ್ತದೆ. ಆ ಮಾವನೋ, ಮುಳುಗಡೆಯ ಹಳ್ಳಿಯಿಂದ ಬಂದ ಈ ಅಳಿಯನನ್ನು ಒಪ್ಪಿಕೊಂಡದ್ದೇ ದೊಡ್ಡದೆಂಬಂತೆ ಇವತ್ತಿಗೂ ಹಬ್ಬದ ದಿನ ಅವನ ತಟ್ಟೆಯನ್ನು ನೋಡುತ್ತ ಕೂರುವವರು. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅವ್ವ ಇಲಕಲ್ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತುಬಿಟ್ಟಿದ್ದಳು. “ಮಗ್ಗದ ಸಪ್ಪಳ ಕೇಳಿ ಕೇಳಿ ತಲಿ ಚಿಟ್ಟ ಹಿಡದೈತಿ, ನಾನೂ ಬರತೇನಿ” ಎಂದಾಗ ಬೇಡವೆನ್ನಲು ಅವನಿಗೆ ಕಾರಣ ಸಿಗಲಿಲ್ಲ.

ಒಳಗೆ ಒಂದೇ ಉದ್ದನೆಯ ಹಾಲ್. ಗೋಡೆಗುಂಟ ಗಾಜಿನ ಕಪಾಟುಗಳು, ನಡುವೆ ಎರಡು ಮೇಜು. ಇಲಕಲ್ಲಿನ ಕೆಂಪು ಗ್ರಾನೈಟು, ಲೋಕಾಪುರದ ಸುಣ್ಣದಕಲ್ಲು, ಮೂಲೆಯಲ್ಲಿ ಬಣ್ಣ ಹಾರಿಹೋದ ಜ್ವಾಲಾಮುಖಿಯ ಮಾದರಿ. ರೇಷ್ಮಾ ಪೆನ್ಸಿಲ್ ಹಿಡಿದು ಓಡಾಡಿದಳು. ಪ್ರತಿಮಾ ಒಂದೊಂದೇ ಚೀಟಿಯನ್ನು ಗಟ್ಟಿಯಾಗಿ ಓದಿ, ಓದಿದ ಮೇಲೆ ಗಂಡನ ಮುಖ ನೋಡುತ್ತಿದ್ದಳು. ಅವನು ಏನಾದರೂ ವಿವರಿಸಬೇಕಿತ್ತು. ವಿವರಿಸಿದ. ಲಾವಾ ಅಂದ, ಒತ್ತಡ ಅಂದ, ಕೋಟಿ ವರ್ಷ ಅಂದ. ಶಂಕ್ರೆವ್ವ ಕೆಂಪು ಗ್ರಾನೈಟಿಗೆ ಬೆರಳ ಗೆಣ್ಣಿನಿಂದ ಕುಟ್ಟಿ, “ಇದು ಒಳ್ಳ ಮಾಡಾಕ ಛಲೋ ಐತಿ ನೋಡು, ಖಾರ ಸಣ್ಣ ಆಗತೈತಿ” ಎಂದಳು. ಜಕ್ಕಪ್ಪ ನಕ್ಕು, “ಮುಟ್ಟಬ್ಯಾಡ್ರಿ ಆಯಿ, ಸರ್ ಬೈತಾರು” ಎಂದ. ಪ್ರತಿಮಾ ಅತ್ತೆಯ ಮೊಳಕೈಯನ್ನು ಮೆಲ್ಲಗೆ ಹಿಡಿದು ಹಿಂದಕ್ಕೆ ಸರಿಸಿದಳು. ಇಷ್ಟಕ್ಕೇ ಧರ್ಮರಾಜನ ಕಿವಿ ಬಿಸಿಯಾಯಿತು. ತನ್ನ ತಾಯಿ ಎಲ್ಲಿ ಹೋದರೂ ಹೀಗೇ, ಯಾವುದನ್ನೂ ಬರಿಗಣ್ಣಿನಿಂದ ನೋಡುವವಳಲ್ಲ, ಮುಟ್ಟಲೇಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡ. ಆಮೇಲೆ ಅವಳು ಸುಮ್ಮನಾಗಿ ಗೋಡೆಯ ಬಳಿ ಹೋಗಿ ನಿಂತದ್ದನ್ನು ಕಂಡು ಇನ್ನೊಂದು ಥರ ಕೆಟ್ಟದೆನಿಸಿತು.

ಎರಡನೆಯ ಮೇಜಿನ ಮೇಲೆ ಗಾಜಿರಲಿಲ್ಲ. ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡಲೆಂದು ಮರದ ತಟ್ಟೆಗಳಲ್ಲಿ ಮಣ್ಣುಗಳನ್ನು ಇಟ್ಟಿದ್ದರು: ಎರೆ, ಮಸಾರಿ, ಕೆಮ್ಮಣ್ಣು. ಕೊನೆಯ ತಟ್ಟೆಯಲ್ಲಿ ತೆಂಗಿನಕಾಯಿಯಷ್ಟು ದಪ್ಪದ ಒಂದು ಬಿಳಿ ಹೆಂಟೆ. ಅದರ ಮುಂದಿನ ಚೀಟಿ ಓದುವುದಕ್ಕಿಂತ ಮೊದಲೇ ಅವನಿಗೆ ಗೊತ್ತಾಯಿತು. ಬಿಳಿಯಲ್ಲೇ ಹಳದಿ ಕಡೆಗೆ ವಾಲುವ ಆ ಬಣ್ಣ, ಮುರಿದ ಕಡೆ ಎಲೆ ಎಲೆಯಾಗಿ ಬಿಡುವ ಆ ರೀತಿ. ಆದರೂ ಓದಿದ. ‘ಬಿಳಿ ಜೇಡಿಮಣ್ಣು. ದಂಡಿನಾಳ, ಬೀಳಗಿ ತಾಲೂಕು. ಮುಳುಗಡೆಯ ಮೊದಲು ತಂದದ್ದು.’ ಅವನ ಹುಟ್ಟೂರು ದಂಡಿನಾಳದ ಮನೆಗಳ ಗೋಡೆಯೆಲ್ಲ ಇದೇ ಮಣ್ಣು. ಹೊಳೆದಂಡೆಯ ಕುಣಿಯಿಂದ ಹೆಂಗಸರು ಬುಟ್ಟಿಗಳಲ್ಲಿ ತಂದು, ನೆನೆಹಾಕಿ, ಹಬ್ಬ ಬಂತೆಂದರೆ ಗೋಡೆ ಸಾರಿಸುತ್ತಿದ್ದರು. ಜೋಳದ ಕಣಜದ ಹಿಂದಿನ ಕತ್ತಲೆಯಲ್ಲಿ, ಒಬ್ಬ ಹುಡುಗ ಕೂತರೆ ಬಾಯಿ ಮುಟ್ಟುವ ಎತ್ತರದಲ್ಲಿ, ಗೋಡೆ ತಗ್ಗುಬಿದ್ದಿತ್ತು. ಮೊದಲು ಇಲಿ ಕೆರೆದದ್ದೆಂದುಕೊಂಡ ಶಂಕ್ರೆವ್ವ ಒಂದು ಮಧ್ಯಾಹ್ನ ಅವನನ್ನು ಅಲ್ಲೇ ಹಿಡಿದಿದ್ದಳು. ಬಾಯಿ ತೆಗೆಯೆಂದಳು. ಅವನು ತೆಗೆಯಲಿಲ್ಲ. ತುಟಿ ಬಿಗಿಹಿಡಿದು, ಕೆನ್ನೆ ಅಲುಗದಂತೆ ಮಾಡಿ, ಕಣ್ಣು ಮಾತ್ರ ಪಿಳಿಪಿಳಿ ಬಿಡುತ್ತ ನಿಂತಿದ್ದ. ಹೊಡೆದಳು, ಆಮೇಲೆ ತಾನೇ ಅತ್ತಳು, ಮರುದಿನ ಆ ತಗ್ಗಿಗೆ ಹಸಿಖಾರ ಬಳಿದಳು. ಅವನು ಖಾರದ ಪಕ್ಕದಲ್ಲಿ ಇನ್ನೊಂದು ತಗ್ಗು ತೋಡಿದ. ಬಸುರಿ ಹೆಂಗಸರು ಇದೇ ಮಣ್ಣು ತಿಂದರೆ ಊರೆಲ್ಲ ನಗುನಗುತ್ತ ತಂದುಕೊಡುತ್ತಿತ್ತು, ಬಯಕೆ ಅನ್ನುತ್ತಿತ್ತು. ಸಣ್ಣ ಮಕ್ಕಳು ತಿಂದರೆ ಒಂದು ಏಟು ಕೊಟ್ಟು ಬಿಡುತ್ತಿತ್ತು. ಮೀಸೆ ಬಂದ ಗಂಡಸು ತಿಂದರೆ ಅದಕ್ಕೆ ಏನನ್ನಬೇಕೆಂಬುದೇ ಯಾರಿಗೂ ಗೊತ್ತಿರಲಿಲ್ಲ, ಅಂಥದ್ದೊಂದು ಇರಬಹುದೆಂದು ಯಾರೂ ಎಣಿಸಿರಲಿಲ್ಲ.

ಹಿನ್ನೀರು ಬರುತ್ತದೆಂದು ಊರು ಬಿಡುವಾಗ ಎಲ್ಲರೂ ಬಾಗಿಲು, ತೊಲೆ, ಹೊಸ್ತಿಲುಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿದರು. ಧರ್ಮರಾಜ ಕಣಜದ ಹಿಂದೆ ಹೋಗಿ ಗೋಡೆಯ ಒಂದು ದೊಡ್ಡ ಹೆಂಟೆಯನ್ನು ಹಾರೆಯಿಂದ ಎಬ್ಬಿಸಿ ಗೋಣಿಚೀಲಕ್ಕೆ ಹಾಕಿದ. ನೆರೆಯವರು ನೋಡಿ, ಓದಿದ ಹುಡುಗನಿಗೆ ಊರ ಮಣ್ಣಿನ ಮೇಲೆ ಎಂಥ ಮಮತೆ ಎಂದು ಕಣ್ಣೊರೆಸಿಕೊಂಡರು. ಅವನು ಆ ಹೊಗಳಿಕೆಯನ್ನು ಸುಮ್ಮನೆ ಇಟ್ಟುಕೊಂಡ. ಇಟ್ಟುಕೊಂಡದ್ದಷ್ಟೇ ಅಲ್ಲ, ಮುಂದೆ ಸಾಲೆಯ ವಾರ್ಷಿಕೋತ್ಸವದಲ್ಲಿ ಮಣ್ಣಿನ ಋಣದ ಬಗ್ಗೆ ಭಾಷಣವನ್ನೂ ಮಾಡಿ ಚಪ್ಪಾಳೆ ಹೊಡೆಸಿಕೊಂಡ. ಮಮತೆಯೂ ಇಲ್ಲ, ಋಣವೂ ಇಲ್ಲ, ಬರೀ ನಾಲಿಗೆಯ ಚಪಲ. ಊರು ಮುಳುಗಿದ್ದಕ್ಕೆ ಅವನು ಅತ್ತದ್ದು ನಿಜ, ಆದರೆ ಯಾವುದಕ್ಕೆ ಅತ್ತೆನೆಂದು ಕೇಳಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಚೀಲದ ಮಣ್ಣು ರೇಷ್ಮಾ ಹುಟ್ಟುವ ಹೊತ್ತಿಗೆ ಮುಗಿಯಿತು. ಆಮೇಲೆ ತೇರದಾಳದ ಹೊಲದ ಮಣ್ಣು, ರನ್ನ ಬೆಳಗಲಿಯ ಹಾದಿಯ ಮಣ್ಣು ಎಲ್ಲ ನೋಡಿದ. ಒಂದು ಸಪ್ಪೆ, ಒಂದು ಹಲ್ಲಿಗೆ ಕರಕರ. ಒಮ್ಮೆ ಅಂಗಿಯ ಕಿಸೆಯಲ್ಲಿ ಪುಡಿ ಕಂಡು ಪ್ರತಿಮಾ ಏನೆಂದು ಕೇಳಿದಾಗ “ಖಡು, ಬೋರ್ಡಿಗೆ ಬರಿಯೂದು” ಎಂದಿದ್ದ. ಖಡುವನ್ನು ಅವನು ಒಮ್ಮೆಯೂ ಬಾಯಿಗೆ ಇಟ್ಟವನಲ್ಲ; ಖಡು ತಿನ್ನುವವರನ್ನು ಕಂಡರೆ ಅವನಿಗೆ ಹೇಸಿಗೆ.

ಜಕ್ಕಪ್ಪ ಆಚೆ ಕಡೆಯ ಕಿಟಕಿಗಳನ್ನು ತೆರೆಯುತ್ತಿದ್ದ. ಪ್ರತಿಮಾ ಜ್ವಾಲಾಮುಖಿಯ ಮುಂದೆ ಬಗ್ಗಿದ್ದಳು. ರೇಷ್ಮಾ ಇದೇ ಮೇಜಿನ ಇನ್ನೊಂದು ತುದಿಯಲ್ಲಿ, ಅವನಿಗೆ ಬೆನ್ನುಮಾಡಿ, ಎರೆಮಣ್ಣಿನ ಬಗ್ಗೆ ಬರೆದುಕೊಳ್ಳುತ್ತಿದ್ದಳು. ಬರೀ ವಾಸನೆ ನೋಡೋಣ ಎಂದು ಅವನು ಬಗ್ಗಿದ. ಬಗ್ಗಿದವನು ಹೆಂಟೆಯ ಮೇಲೆ ಕೈಯಿಟ್ಟ. ತಣ್ಣಗಿತ್ತು. ಇಷ್ಟು ವರ್ಷ ಗಾಳಿಗೆ ಒಣಗಿದ್ದರೂ ಹೆಬ್ಬೆರಳು ಒತ್ತಿದೊಡನೆ ಬಿಸ್ಕೀಟಿನಷ್ಟು ಅಗಲದ ಒಂದು ಎಲೆ ಕಳಚಿ ಕೈಗೆ ಬಂತು. ಅದನ್ನು ತಿರುಗಿ ಇಟ್ಟುಬಿಡಬಹುದಿತ್ತು. ಇಡಬೇಕೆಂದೇ ಅಂದುಕೊಳ್ಳುತ್ತಿರುವಾಗ ಅದು ಬಾಯಲ್ಲಿತ್ತು. ನಾಲಿಗೆಗೆ ಅಂಟಿಕೊಂಡಿತು, ಆಮೇಲೆ ಮೆಲ್ಲಗೆ ಬಿಟ್ಟುಕೊಂಡು ಕರಗತೊಡಗಿತು. ಅದೇ. ಅದೇ ತಂಪು, ಗಂಟಲ ಹಿಂದೆ ತಡವಾಗಿ ಬರುವ ಅದೇ ಒಗರು. ಅವನಿಗೆ ಸುಖವಾಯಿತು, ನಾಚಿಕೆಗೇಡಿನ ಸುಖ, ಮೈಯೆಲ್ಲ ಸಡಿಲವಾಗುವಂಥದ್ದು. ಹೆಂಡತಿ, ಮಗಳು, ಮಾವ ಯಾರೂ ಒಂದು ಗಳಿಗೆ ಇರಲಿಲ್ಲ. ಆ ಗಳಿಗೆಯಲ್ಲೇ ಇನ್ನೊಂದು ತುಂಡು ಮುರಿದ.

“ಯಾರ ಮುರದ್ರಿ ಇದನ್ನ?” ಜಕ್ಕಪ್ಪ ಮೇಜಿನ ಬಳಿ ನಿಂತಿದ್ದ. ಧರ್ಮರಾಜ ಅಷ್ಟರಲ್ಲಿ ಕಪಾಟಿನ ಕಡೆ ತಿರುಗಿ ಅಭ್ರಕದ ಹಾಳೆಗಳನ್ನು ನೋಡುತ್ತಿದ್ದವನಂತೆ ನಿಂತಿದ್ದ, ಬಾಯಲ್ಲಿ ಎರಡನೆಯ ತುಂಡು ಇನ್ನೂ ಕರಗಿರಲಿಲ್ಲ. ತಟ್ಟೆಯ ಸುತ್ತ ಬಿಳಿಯ ಪುಡಿ ಚೆಲ್ಲಿತ್ತು, ಮುರಿದ ಜಾಗ ಹೊಸದಾಗಿ ಹೊಳೆಯುತ್ತಿತ್ತು. ಜಕ್ಕಪ್ಪನ ಕಣ್ಣು ಮೇಜಿನ ಹತ್ತಿರವಿದ್ದ ಮಗುವಿನ ಮೇಲೆ ಬಿತ್ತು. “ತಂಗೀ, ನೀ ಮುಟ್ಟಿದ್ದೇನವಾ?” ರೇಷ್ಮಾ ತಲೆಯಾಡಿಸಿದಳು. ಪ್ರತಿಮಾ ಸರಸರ ಬಂದಳು. “ಖರೆ ಹೇಳು ರೇಷ್ಮಾ.” “ನಾ ಮುಟ್ಟಿಲ್ಲ ಮಮ್ಮಿ.” “ಕೈ ತೋರಸು.” ಮಗು ಎರಡೂ ಅಂಗೈ ತೋರಿಸಿತು. ಈಗಷ್ಟೇ ಎರೆಮಣ್ಣು ಮುಟ್ಟಿದ ಕೈ ಅದು, ಶುದ್ಧವಾಗಿ ಇರಲು ಹೇಗೆ ಸಾಧ್ಯ. ಪ್ರತಿಮಾ ಆ ಕೈಗೆ ಫಟ್ಟನೆ ಒಂದು ಏಟು ಹಾಕಿದಳು. ಧರ್ಮರಾಜ ಅಭ್ರಕವನ್ನು ನೋಡುತ್ತಲೇ ಇದ್ದ. ಮಾತಾಡಬೇಕೆಂದರೆ ಮೊದಲು ನುಂಗಬೇಕು, ನುಂಗಲು ಬಾಯಲ್ಲಿ ಹನಿ ನೀರಿಲ್ಲ. ಈವರೆಗೆ ಊರುತ್ತಿದ್ದದ್ದು ಹೆದರಿಕೆಗೆ ಬತ್ತಿಹೋಗಿ ಮಣ್ಣು ಅಂಗುಳಕ್ಕೆ ಮೆತ್ತಿಕೊಂಡಿತ್ತು. ಹೀಗೆ ಬಾಯಿ ಕಟ್ಟಿದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತೆಂದೂ ಅವನಿಗೆ ಅನ್ನಿಸಿತು, ಏಕೆಂದರೆ ಬಾಯಿ ಖಾಲಿಯಿದ್ದಿದ್ದರೂ ತಾನು ಏನನ್ನೂ ಹೇಳುತ್ತಿರಲಿಲ್ಲ.

ಗದ್ದಲ ಕೇಳಿ ಒಳಗಿನ ಕೋಣೆಯಿಂದ ಅಂದಾನೆಪ್ಪ ಸರ್ ಬಂದರು. ದುಂಡುಮುಖದ, ನಗುಮೊಗದ ಮನುಷ್ಯ. ಪ್ರತಿಮಾಳ ತಂದೆಯ ಆರೋಗ್ಯ ಕೇಳಿದರು, “ಬರ್ರಿ ಸರ್, ಬರ್ರಿ, ನಿಮ್ಮ ಬಗ್ಗೆ ಮಾಸ್ತರರು ಹೇಳತಿರತಾರ” ಎಂದು ಧರ್ಮರಾಜನ ಕೈ ಕುಲುಕಿದರು. ಅವನು ತುಟಿ ಬಿಗಿದು, ತಲೆಬಾಗಿಸಿ, ಎದೆಯ ಮೇಲೆ ಕೈಯಿಟ್ಟು ಅತಿವಿನಯದ ನಾಟಕ ಆಡಿದ. ಜಕ್ಕಪ್ಪ ತಟ್ಟೆ ತೋರಿಸಿದ. ಸರ್ ಮುಖದ ನಗು ಸ್ವಲ್ಪ ಇಳಿಯಿತು. “ಅಯ್ಯ, ಇದೊಂದ ಇತ್ತಲ್ಲೋ. ಬ್ಯಾರೆ ಯಾವದಾದ್ರೂ ಆಗಿದ್ರ ಹೋಗಿ ತರಬಹುದಿತ್ತು, ಆ ಊರ ಈಗ ನೀರಾಗೈತಿ” ಎಂದು, ಕೂಡಲೇ ಸಂಕೋಚಪಟ್ಟು, “ಇರ್ಲಿ ಬಿಡ್ರಿ, ಸಣ್ಣ ಹುಡುಗಿ, ಮುಟ್ಟೂದ ಹುಡುಗರ ಗುಣ” ಎಂದರು. ಆ ದೊಡ್ಡ ಮನಸ್ಸೇ ಪ್ರತಿಮಾಳನ್ನು ಸುಟ್ಟಿತು. “ಸರ್ ಗೆ ಸಾರಿ ಅನ್ನು” ಎಂದು ಮಗಳ ಭುಜ ಹಿಡಿದು ಮುಂದಕ್ಕೆ ತಳ್ಳಿದಳು. “ನಾ ಮಾಡಿಲ್ಲ ಅಂದ್ರೂ ಯಾಕ ಅನ್ನಲಿ?” ರೇಷ್ಮಾ ಬಿಕ್ಕುತ್ತ ಅಪ್ಪನ ಕಡೆ ನೋಡಿದಳು. “ಪಪ್ಪಾ, ನೀನರ ಹೇಳು. ನೀ ಇಲ್ಲೇ ಇದ್ದೆಲ್ಲ.”

ಅವನು ಮಗಳ ಕಡೆ ನೋಡಲಾರದೆ ಗೋಡೆಯ ಕಡೆ ನೋಡಿದ. ಅಲ್ಲಿ ಶಂಕ್ರೆವ್ವ ನಿಂತು ಅವನನ್ನೇ ದಿಟ್ಟಿಸುತ್ತಿದ್ದಳು. ಅವನ ಬಿಗಿದ ತುಟಿಗಳನ್ನು, ಅಲುಗದ ಕೆನ್ನೆಯನ್ನು. ಬಹಳ ಹೊತ್ತೇನೂ ನೋಡಲಿಲ್ಲ. ನೋಡಿದಳು, ಅಷ್ಟೆ. ಆಮೇಲೆ ಬಂದು ಮೊಮ್ಮಗಳನ್ನು ತನ್ನ ಕಡೆ ಎಳೆದುಕೊಂಡಳು.

“ಆ ಕೂಸಿಗೆ ಯಾಕ ಅಂತೀರಿ? ನಾ ತಿಂದೀನ್ರಿ ಅದನ್ನ.”

“ತಿಂದ್ರಿ?” ಎಂದರು ಅಂದಾನೆಪ್ಪ ಸರ್.

“ಹೂಂನ್ರಿ. ನಮ್ಮೂರ ಮಣ್ಣಲ್ಲೇನ್ರಿ ಅದು, ಕಂಡಕೂಡ್ಲೆ ಬಾಯಿ ತಡೀಲಿಲ್ಲ. ಮುದಕಿ ಅದೀನಿ, ತಪ್ಪಾತು.” ಅವಳು ಕೈಮುಗಿದಳು. ತನಗಿಂತ ಎಷ್ಟೋ ಚಿಕ್ಕವರಿಗೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು. ಜಕ್ಕಪ್ಪ ಮೊದಲು ನಕ್ಕ, ಆಮೇಲೆ ಸರ್ ನಕ್ಕರು. ಕೆಟ್ಟ ನಗುವೇನಲ್ಲ ಅದು, ಮನೆಗೆ ಹೋಗಿ ಹೆಂಡತಿಗೆ ಹೇಳಲು ಒಂದು ಸಂಗತಿ ಸಿಕ್ಕಿತೆಂಬ ನಗು. ಪ್ರತಿಮಾ ನಗಲಿಲ್ಲ. ಅವಳ ಮುಖ ಕಪ್ಪಿಟ್ಟಿತ್ತು. ಈ ಮಾತು ಸಂಜೆಯೊಳಗೆ ತವರುಮನೆ ಮುಟ್ಟುವುದನ್ನು ಅವಳೂ ಲೆಕ್ಕಹಾಕುತ್ತಿದ್ದಳು. ಎಲ್ಲರ ಕಣ್ಣೂ ಅವ್ವನ ಮೇಲಿದ್ದ ಆ ಹೊತ್ತಿನಲ್ಲಿ ಧರ್ಮರಾಜ ಕುತ್ತಿಗೆ ಚಾಚಿ, ಕಣ್ಣಲ್ಲಿ ನೀರು ಬರುವಂತೆ, ಬಾಯಲ್ಲಿದ್ದದ್ದನ್ನು ನುಂಗಿದ. ನುಂಗಿದ ಮೇಲೆ ಬಾಯಿ ತೆರವಾಯಿತು. ಈಗ ಹೇಳಬಹುದಿತ್ತು. ಹೇಳುವುದಕ್ಕೆಂದೇ ಅವನು ಒಂದು ಹೆಜ್ಜೆ ಮುಂದೆ ಬಂದ, ಹಾಗೆಂದು ಅವನು ಆಮೇಲೆ ಎಷ್ಟೋ ಸಲ ತನ್ನನ್ನು ತಾನೇ ನಂಬಿಸಲು ನೋಡಿದ.

“ಹಳ್ಳಿ ಕಡೆ ಹೆಣ್ಮಕ್ಕಳಿಗೆ ಇದು ಇರತದ ಸರ್,” ಎಂದ. ಸಾಲೆಯಲ್ಲಿ ಪಾಠ ಹೇಳುವ ದನಿ. “ಕಬ್ಬಿಣಾಂಶ ಕಡಿಮಿ ಆದ್ರ ದೇಹ ಮಣ್ಣು ಬೇಡತದ. ಅಜ್ಞಾನ, ಮತ್ತೇನಿಲ್ಲ. ನಾವು ಮಕ್ಕಳಿಗೆ ಎಷ್ಟು ಹೇಳಿದ್ರೂ ಮನ್ಯಾಗಿನ ಹಿರ್ಯಾರು ಕೇಳಬೇಕಲ್ಲ.” “ಖರೆ ಖರೆ,” ಎಂದರು ಅಂದಾನೆಪ್ಪ ಸರ್ ಮೆಚ್ಚಿಕೊಂಡು. ಇಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಪ್ರತಿಮಾ ನೋಡುತ್ತಿದ್ದಳು, ಏನಾದರೂ ಮಾಡಿ ಈ ಅವಮಾನದಿಂದ ತನ್ನನ್ನು ಎತ್ತು ಎಂಬಂತೆ. ಅವನು ತಾಯಿಯ ಕಡೆ ತಿರುಗಿದ. “ಅವ್ವಾ, ನಿನಗ ಎಷ್ಟ ಸಲ ಹೇಳೀನಿ? ನಾಲ್ಕ ಮಂದಿಯೊಳಗ ನಮ್ಮ ಮಾನ ಕಳೀಬ್ಯಾಡ ಅಂತ? ಹೊರಗ ಹೋಗಿ ಕುಂದರು ಹೋಗು.”

ಶಂಕ್ರೆವ್ವ ಹೊರಗೆ ಹೋಗಿ ಕುಳಿತಳು. ಅವನ ಮುಖವನ್ನು ತಿರುಗಿ ನೋಡಲಿಲ್ಲ, ಬೇಸರವನ್ನೂ ತೋರಲಿಲ್ಲ. ‘ಎಷ್ಟ ಸಲ ಹೇಳೀನಿ’ ಎಂಬ ಮಾತು ಅವನ ಕಿವಿಯಲ್ಲೇ ಉಳಿಯಿತು. ಯಾವಾಗ ಹೇಳಿದ್ದ ಅವನು? ಅದು ಅವಳ ಮಾತು, ಕಣಜದ ಹಿಂದೆ ಅವನ ಕಿವಿ ಹಿಂಡುತ್ತ ಅವಳು ಆಡಿದ್ದು. ಅಂದಾನೆಪ್ಪ ಸರ್ ಉಳಿದ ಕಪಾಟುಗಳನ್ನು ತಾವೇ ತೋರಿಸಿದರು. ರೇಷ್ಮಾಳಿಗೆ ಸ್ಫಟಿಕದ ಒಂದು ಚೂರನ್ನು ಉಡುಗೊರೆಯಾಗಿ ಕೊಟ್ಟರು. ಧರ್ಮರಾಜ ಕೇಳಿದ, ತಲೆಯಾಡಿಸಿದ, ಒಂದೆರಡು ಒಳ್ಳೆಯ ಪ್ರಶ್ನೆಗಳನ್ನೂ ಹಾಕಿದ. ಕಿಟಕಿಯಿಂದ ಅವ್ವನ ಬೆನ್ನು ಕಾಣುತ್ತಿತ್ತು. ಈಗ ಹೋಗಿ ಹೇಳಿದರೆ, ಅಂದುಕೊಂಡ. ಈ ಕಪಾಟು ಮುಗಿದ ಮೇಲೆ, ಅಂದುಕೊಂಡ. ಬಸ್ಸಿನಲ್ಲಿ ಪ್ರತಿಮಾಳೊಬ್ಬಳಿಗೇ ಮೆಲ್ಲಗೆ ಹೇಳಿದರೂ ಆಗುತ್ತದೆ, ಅಂದುಕೊಂಡ. ಪ್ರತಿಮಾ ಹೇಗೆ ನೋಡುತ್ತಾಳೆಂಬುದು ಕಣ್ಣಿಗೆ ಕಟ್ಟಿದೊಡನೆ ಆ ಯೋಚನೆಯನ್ನೂ ಕೈಬಿಟ್ಟ. ತಾನು ಹೇಡಿಯೆಂಬುದು ಅವನಿಗೆ ಅಂದು ಹೊಸದಾಗಿ ತಿಳಿದದ್ದೇನಲ್ಲ, ಆದರೆ ಇಷ್ಟು ಸಲೀಸಾದ ಹೇಡಿ ಎಂದು ಗೊತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬನಹಟ್ಟಿಯ ಗಾಡಿ ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಒಂದು ತುದಿಗೆ ಪ್ರತಿಮಾ, ಇನ್ನೊಂದು ತುದಿಗೆ ಶಂಕ್ರೆವ್ವ, ನಡುವೆ ರೇಷ್ಮಾ ಸ್ಫಟಿಕದ ಚೂರನ್ನು ಬಿಸಿಲಿಗೆ ಹಿಡಿದು ಕೂತಿದ್ದಳು. “ನಮ್ಮಪ್ಪ ಇನ್ನ ಹೆಂಗ ಆ ಸರ್ ಮುಖಾ ನೋಡಬೇಕು” ಎಂದಳು ಪ್ರತಿಮಾ, ಯಾರಿಗೂ ಅಲ್ಲವೆಂಬಂತೆ. “ಹಸದಿದ್ರ ಹೇಳಬೇಕಿಲ್ಲೋ, ನಾವೇನ ಉಪವಾಸ ಕೆಡವೀವೇನು?” ಶಂಕ್ರೆವ್ವ ಕೈಚೀಲದಿಂದ ಡಬ್ಬಿ ತೆಗೆದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಮೊಮ್ಮಗಳಿಗೆಂದು ಕಟ್ಟಿಕೊಂಡ ಶೇಂಗಾದುಂಡಿ. ಒಂದನ್ನು ಎರಡು ಹೋಳು ಮಾಡಿ, “ತಗೋ ನನ ಕೂಸ, ಹೊತ್ತಾತು, ಹಸದಿರತಿ” ಎಂದು ಬಾಯಿಯ ಹತ್ತಿರ ಹಿಡಿದಳು.

ರೇಷ್ಮಾ ಮುಖ ಹಿಂದಕ್ಕೆ ಎಳೆದುಕೊಂಡಳು. ಅಜ್ಜಿಯ ಬೆರಳುಗಳನ್ನು ನೋಡಿದಳು, ಆಮೇಲೆ ಅಜ್ಜಿಯ ಬಾಯಿಯನ್ನು.

“ನನಗ ಬ್ಯಾಡ ಆಯಿ. ನೀ ಮಣ್ಣ ತಿಂದಿ. ನಿನ್ನ ಕೈ ಹೊಲಸು.”

ಪ್ರತಿಮಾ ಗದರಿಸಲಿಲ್ಲ. ಶಂಕ್ರೆವ್ವ ಹೋಳನ್ನು ಡಬ್ಬಿಗೆ ಹಾಕಿ, ಏನೂ ಅಂಟಿರದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು, ಒಮ್ಮೆ, ಮತ್ತೊಮ್ಮೆ. ಆಮೇಲೆ ಡಬ್ಬಿಯನ್ನು ಮಗನ ಕಡೆ ಚಾಚಿದಳು. “ನೀ ಕೊಡಪ, ನಿನ್ನ ಕೈಲೆ ತಿಂತಾಳು” ಎಂದಳು. ಅವಳ ದನಿಯಲ್ಲಿ ಯಾವ ಚುಚ್ಚೂ ಇರಲಿಲ್ಲ. ಕೂಸು ಹಸಿದಿದೆ, ಅಷ್ಟೇ ಅವಳ ಚಿಂತೆ. ಧರ್ಮರಾಜ ಒಂದು ಉಂಡಿ ತೆಗೆದುಕೊಂಡ. ಅವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಬಿಳಿಯ ಗೆರೆಯೊಂದು ಇನ್ನೂ ಇತ್ತು. ಅದು ಅವನಿಗೂ ಕಂಡಿತು, ಅವ್ವನಿಗೂ ಕಂಡಿತು. ರೇಷ್ಮಾ ಅಪ್ಪನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಬಾಯಿ ಅಗಲಿಸಿ ಅವನ ಬೆರಳುಗಳಿಂದಲೇ ಉಂಡಿ ತಿಂದಳು. ತಿಂದು, “ಇನ್ನೊಂದು ಪಪ್ಪಾ” ಎಂದಳು. ಅವನು ಇನ್ನೊಂದು ಕೊಟ್ಟ.